ಎಲೆಯಿಲ್ಲದ ಬೋರ್ಡು

ಕಾಲೆತಾ ಲಿಲೆ
೧೧ ಮಾರ್ಚ್ ೨೦೦೪

ಮಾನ್ಯ ಡಾನ್ ನೊಲ್ಬೆರ್ತೊ ರೆಮೊಲ್ಕೊಯ್ ಅವರಿಗೆ,

ನಾನ್ಯಾರೆಂದು ನಿಮಗೆ ಗೊತ್ತಿಲ್ಲ. ನನ್ನ ಹೆಸರು ಫ್ರೆಸಿಯಾ ಚಿಗುವಾಯ್. ಇಲ್ಲಿ ಹಡಗುಕಟ್ಟೆಯ ಪಕ್ಕದಲ್ಲಿ ಊಟ-ವಸತಿಯ ಮನೆ ನಡೆಸುತ್ತಿದ್ದೇನೆ. ಕಳೆದ ತಿಂಗಳು ಚಿಕ್ಕಮ್ಮನ ಮಗಳ ಮದುವೆಗೆಂದು ನಿಮ್ಮ ಚೊಂಚಿಗೆ ಬಂದಿದ್ದೆ. ಅಲ್ಲಿ ಬೇಕರಿಯ ಬಾಗಿಲ ಮೇಲಿನ ಮರದ ಬೋರ್ಡಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೆಂದರೆ, ಬೇಕರಿಯವಳು ಹೊರಗೆ ಬಂದು, "ಏನಮ್ಮಾ, ಬ್ರೆಡ್ಡು ತಗೋತೀಯೋ, ಬೋರ್ಡನ್ನೇ ತಿಂತೀಯೋ?" ಎಂದು ಕೇಳಿದಳು. ನಿಮ್ಮ ವಿಳಾಸ ಕೊಟ್ಟವಳೂ ಅವಳೇ.

ನನಗೂ ಅಂಥದೊಂದು ಬೋರ್ಡು ಬೇಕು. ‘ಫ್ರೆಸಿಯಾಳ ಮನೆ, ಊಟ ಮತ್ತು ವಸತಿ’ ಎಂದಿದ್ದರೆ ಸಾಕು. ಅಕ್ಷರಗಳು ಆಳವಾಗಿರಲಿ. ಇಲ್ಲಿನ ಗಾಳಿ ಬಣ್ಣವನ್ನೆಲ್ಲ ನೆಕ್ಕಿಬಿಡುತ್ತದೆ, ಕೊರೆದದ್ದು ಮಾತ್ರ ಉಳಿಯುತ್ತದೆ. ಹಡಗಿನಿಂದ ಇಳಿದವರಿಗೆ ದೂರದಿಂದಲೇ ಓದಲು ಬರಬೇಕು.

ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಗುರುವಾರದ ಹಡಗಿನ ಅಡುಗೆಯವ ಬೆಲಾರ್ಮಿನೊ ಕಾಗದ ತರುತ್ತಾನೆ, ಒಯ್ಯುತ್ತಾನೆ. ಕಟ್ಟೆಯ ಕಂಬಕ್ಕೆ ನಾನು ಬಿಳಿ ಬಟ್ಟೆ ಏರಿಸಿದರೆ ಹಡಗು ನಿಲ್ಲುತ್ತದೆ. ಇಲ್ಲದಿದ್ದರೆ ಹಾಗೆಯೇ ಮುಂದೆ ಹೋಗುತ್ತದೆ. ಬೋರ್ಡು ಸಿದ್ಧವಾದಾಗ ಅವನ ಕೈಗೆ ಕೊಟ್ಟರೆ ನನಗೆ ತಲುಪುತ್ತದೆ.

ನಮಸ್ಕಾರಗಳು.
ಫ್ರೆಸಿಯಾ ಚಿಗುವಾಯ್


ಚೊಂಚಿ
೧೬ ಏಪ್ರಿಲ್ ೨೦೦೪

ಶ್ರೀಮತಿ ಫ್ರೆಸಿಯಾ ಚಿಗುವಾಯ್ ಅವರಿಗೆ,

ಬೋರ್ಡನ್ನು ಕಂಬಳಿಯಲ್ಲಿ ಸುತ್ತಿ ಬೆಲಾರ್ಮಿನೊನಿಗೆ ಒಪ್ಪಿಸಿದ್ದೇನೆ. ಕಂಬಳಿಯನ್ನು ದಯವಿಟ್ಟು ಹಿಂದಿರುಗಿಸಿ. ಅದು ನನ್ನ ಅಕ್ಕ ಔದೊಲಿಯಾಳದು, ಕೇಳದೆ ತೆಗೆದುಕೊಂಡಿದ್ದೇನೆ. ಅವಳು ಪಕ್ಕದ ಮನೆಯಲ್ಲೇ ಇರುವುದು, ಬಾಯಿ ಮಾತ್ರ ಇಡೀ ಬೀದಿಗೆ ಕೇಳುತ್ತದೆ.

ಮರ ಸಿಪ್ರೆಸ್. ದ್ವೀಪಗಳಲ್ಲಿ ನಿಂತಲ್ಲೇ ಸತ್ತು, ನಿಂತಲ್ಲೇ ಒಣಗಿದ ಮರ. ಹುಳ ಮುಟ್ಟುವುದಿಲ್ಲ, ಉಪ್ಪುಗಾಳಿಗೆ ಜಗ್ಗುವುದಿಲ್ಲ. ಈಗ ಸಿಗುವುದೇ ಅಪರೂಪ. ಅಕ್ಷರಗಳನ್ನು ಕೈಯಲ್ಲಿ ಹಿಡಿಯುವ, ಅಲಗು ತಿರುಗುವ ರೂಟರ್ ಯಂತ್ರದಿಂದ ಕೊರೆದಿದ್ದೇನೆ. ಮೊದಲು ಮೇಲೆ ಮೇಲೆ ಒಂದು ಸಲ, ಆಮೇಲೆ ಆಳಕ್ಕೆ ಇನ್ನೊಂದು ಸಲ. ಅಚ್ಚು ಇಟ್ಟುಕೊಂಡು ಕೊರೆಯುವವರಿದ್ದಾರೆ, ನಾನು ಆ ಪೈಕಿ ಅಲ್ಲ. ಪೆನ್ಸಿಲಿನ ಗೆರೆ, ನನ್ನ ಕಣ್ಣು, ನನ್ನ ಎರಡು ಕೈ, ಇಷ್ಟೇ ನನ್ನ ಬಂಡವಾಳ. ಪುಯೆರ್ತೊ ಮಾಂತಿನಲ್ಲಿ ಈಗ ಕಂಪ್ಯೂಟರಿಗೆ ಜೋಡಿಸಿದ ಯಂತ್ರ ಬಂದಿದೆಯಂತೆ. ಗುಂಡಿ ಒತ್ತಿ, ಕಾಫಿ ಕುಡಿದು ಬರುವಷ್ಟರಲ್ಲಿ ಬೋರ್ಡು ತಯಾರಂತೆ. ಆಗಲಿ, ಕಾಫಿ ಕುಡಿಯುವವರು ಕುಡಿಯಲಿ.

ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಹಚ್ಚಿ. ಮೊಳೆ ಹೊಡೆಯಬೇಡಿ, ಸ್ಕ್ರೂ ಹಾಕಿ.

ನೊಲ್ಬೆರ್ತೊ ರೆಮೊಲ್ಕೊಯ್


ಕಾಲೆತಾ ಲಿಲೆ
೬ ಮೇ ೨೦೦೪

ಮಾನ್ಯ ಡಾನ್ ನೊಲ್ಬೆರ್ತೊ,

ಬೋರ್ಡು ಬಂತು! ಬೆಲಾರ್ಮಿನೊ ಹೆಗಲ ಮೇಲೆ ಹೊತ್ತು ತಂದು, "ತಗೋ ತಾಯಿ, ಶವಪೆಟ್ಟಿಗೆ ಮುಚ್ಚಳದಷ್ಟು ಭಾರ ಐತೆ" ಎಂದ. ಅವನ ಬಾಯಿಗೆ ಬೂದಿ ಬೀಳಲಿ. ಸ್ಕ್ರೂ ಹಾಕಿಸಿದ್ದೂ ಅವನ ಕೈಯಲ್ಲೇ. ಹಡಗಿನ ಕ್ಯಾಪ್ಟನ್ ಸೀಟಿ ಮೇಲೆ ಸೀಟಿ ಊದುತ್ತಿದ್ದರೂ ನಾನು ಬಿಡಲಿಲ್ಲ.

ಒಂದು ಮಾತು ಹೇಳಲೇಬೇಕು. ‘ಮನೆ’ ಎಂಬಲ್ಲಿ, ಕೊನೆಯ ಅಕ್ಷರದ ಪಕ್ಕ ಒಂದು ಪುಟ್ಟ ಹಸಿರು ಎಲೆ ಬಿಡಿಸಿದ್ದೀರಿ. ಕನೆಲೊ ಮರದ ಎಲೆ ಅಲ್ಲವೇ? ನಾನು ಕೇಳಿರಲಿಲ್ಲ. ಬೇಕರಿಯ ಬೋರ್ಡಿಗೂ ಇರಲಿಲ್ಲ, ಅಷ್ಟು ಹೊತ್ತು ನೋಡಿದವಳು ನಾನು, ನನಗೆ ಗೊತ್ತು. ನನಗೆಂದೇ ಕೊಟ್ಟಿದ್ದೀರಿ. ಕೇಳದೆ ಯಾರಾದರೂ ನನಗೆ ಏನಾದರೂ ಕೊಟ್ಟು ಎಷ್ಟು ಕಾಲವಾಯಿತೋ ನೆನಪಿಲ್ಲ. ಗಂಡ ಇದ್ದಾಗಲೇ ಇರಬೇಕು, ಅವನು ಹೋಗಿ ಬಹಳ ವರ್ಷವಾಯಿತು. ನನಗೆ ತುಂಬಾ ಸಂತೋಷವಾಗಿದೆ.

ಅತಿಥಿಗಳಿಗೂ ಆ ಎಲೆ ಹಿಡಿಸಿದೆ. ಈಗ ಕೋಣೆಗಳಿಗೂ ಬೋರ್ಡು ಬೇಕು: ಮೂರು ಮಲಗುವ ಕೋಣೆ, ಒಂದು ಊಟದ ಮನೆ. ಎಲ್ಲದರಲ್ಲೂ ಎಲೆ ಇರಲಿ.

ನಿಮ್ಮ ಕೈಬರಹ ನೋಡಿ ನಗು ಬಂತು, ತಪ್ಪು ತಿಳಿಯಬೇಡಿ. ಒಂದೊಂದು ಅಕ್ಷರವೂ ಬಿಡಿಬಿಡಿ, ದಪ್ಪದಪ್ಪ. ಕಾಗದದಲ್ಲೂ ಬೋರ್ಡು ಕೊರೆಯುತ್ತೀರಲ್ಲ!

ಫ್ರೆಸಿಯಾ ಚಿಗುವಾಯ್

ಕಂಬಳಿ ಇದರ ಜೊತೆಗಿದೆ. ಅಕ್ಕನವರಿಗೆ ನನ್ನ ನಮಸ್ಕಾರ.


ಚೊಂಚಿ
೩ ಜುಲೈ ೨೦೦೪

ಡೋನ್ಯಾ ಫ್ರೆಸಿಯಾ ಅವರಿಗೆ,

ನಾಲ್ಕೂ ಬೋರ್ಡುಗಳನ್ನು ಕಳಿಸಿದ್ದೇನೆ. ತಡವಾಯಿತು. ಸಂತ ಪೇದ್ರೊ ಹಬ್ಬಕ್ಕೆ ಮೊದಲು ಎಲ್ಲ ಮೀನುಗಾರರಿಗೂ ದೋಣಿಯ ಹೆಸರನ್ನು ಹೊಸದು ಮಾಡಿಸಿಕೊಳ್ಳಬೇಕು, ನಿಮಗೆ ಗೊತ್ತೇ ಇದೆ.

ಎಲೆ ನಿಮಗೆ ಹಿಡಿಸಿದ್ದು ನನಗೆ ಆಶ್ಚರ್ಯ. ಅದು ನಾನು ಹೇಳಿದ ಕಡೆ ಬರುವುದಿಲ್ಲ, ಬಂದ ಕಡೆ ಬರುತ್ತದೆ. ಊಟದ ಮನೆಯ ಬೋರ್ಡಿನಲ್ಲಿ ಮೂರು ಬಂದಿವೆ. ಜಾಸ್ತಿಯಾಯಿತೆನಿಸಿದರೆ ತಿಳಿಸಿ, ಬೇರೆ ಕೊರೆದು ಕೊಡುತ್ತೇನೆ.

ಔದೊಲಿಯಾ ನಿನ್ನೆ ಶೆಡ್ಡಿಗೆ ಬಂದು, ಮರದ ಪುಡಿಯ ನಡುವೆ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಯಾರಿಗೋ ಇದು, ಇಷ್ಟು ಹೊತ್ತು ಕೊರೀತಿರೋದು? ಬಿಷಪ್ಪರ ಮನೆಗಾ?" ಎಂದಳು. "ಗಿರಾಕಿಗೆ" ಎಂದೆ. "ಗಿರಾಕಿ ಅಂದ್ರೆ ಹೆಂಗಸೋ?" ಎಂದಳು. ಯಂತ್ರ ಚಾಲೂ ಮಾಡಿದೆ. ಅವಳ ಬಾಯಿ ಮುಚ್ಚಿಸಲು ಈ ಊರಿನಲ್ಲಿರುವುದು ಅದೊಂದೇ ಉಪಾಯ.

ನನ್ನ ಕೈಬರಹ ಹಾಗೆಯೇ. ವೃತ್ತಿಯ ಚಟ ಎಂದುಕೊಳ್ಳಿ. ನಿಮ್ಮ ಕಾಗದ ಓದುವುದು ನನಗೆ ಇಷ್ಟ. ನನ್ನದು ಚಿಕ್ಕದಾದರೆ ಬೇಸರಪಡಬೇಡಿ.

ನೊಲ್ಬೆರ್ತೊ


ಕಾಲೆತಾ ಲಿಲೆ
೧೯ ಆಗಸ್ಟ್ ೨೦೦೪

ಡಾನ್ ನೊಲ್ಬೆರ್ತೊ,

ಜಾಸ್ತಿಯಾಯಿತೇ ಎಂದು ಕೇಳುತ್ತೀರಲ್ಲ! ಎಲೆಯ ಮಟ್ಟಿಗೆ ನಾನು ದುರಾಸೆಯವಳು. ಊಟದ ಮನೆಯ ಬೋರ್ಡಿನ ಕೆಳಗೆ ಕುಳಿತೇ ಈ ಕಾಗದ ಬರೆಯುತ್ತಿದ್ದೇನೆ. ಮೂರು ಎಲೆಯಲ್ಲಿ ನಡುವಿನದು ಸ್ವಲ್ಪ ಓರೆಯಾಗಿದೆ, ಗಾಳಿಗೆ ಬಾಗಿದ ಹಾಗೆ. ಅದೇ ನನಗೆ ಎಲ್ಲಕ್ಕಿಂತ ಇಷ್ಟ.

ಭೂಮಿಯ ಈ ದಕ್ಷಿಣ ತುದಿಯಲ್ಲಿ ಈ ಸಲದ ಚಳಿಗಾಲ ಮುಗಿಯುವ ಹಾಗೆಯೇ ಕಾಣುವುದಿಲ್ಲ. ಒಲೆಯ ಮೇಲೆ ಕೆಟಲ್ ಕುದಿಯುತ್ತಲೇ ಇರುತ್ತದೆ. ಮಾಟೆ ಕಷಾಯ ಕುಡಿಯಲು ಎದುರಿಗೆ ಇನ್ನೊಬ್ಬರಿಲ್ಲದಿದ್ದರೆ ಅದು ಬರೀ ಕಹಿ ಬಿಸಿನೀರು. ಅತಿಥಿಗಳಿದ್ದಾರೆ, ಇಲ್ಲವೆಂದಲ್ಲ. ಆದರೆ ಅತಿಥಿಗಳು ತಮ್ಮ ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ. ಮೂರನೇ ಕೋಣೆಯ ಹಾಸಿಗೆಯ ಮೇಲೆ ಬೆಕ್ಕು ಮರಿ ಹಾಕಿದೆ. ಎಬ್ಬಿಸಲು ಮನಸ್ಸಾಗದೆ ಹಾಗೆಯೇ ಬಿಟ್ಟಿದ್ದೇನೆ.

ಬೇಸಿಗೆಗೆ, ಜನವರಿಯಲ್ಲಿ, ಇಲ್ಲಿಗೆ ಬನ್ನಿ. ನಿಮ್ಮ ಬೋರ್ಡುಗಳು ಹೇಗೆ ಕೂತಿವೆ ಎಂದು ನೀವೇ ನೋಡಬೇಡವೇ? ಕುರಿಮಾಂಸದ ಕಸುಯೆಲಾ ಸಾರು ಮಾಡಿ ಬಡಿಸುತ್ತೇನೆ. ನನ್ನ ಮನೆಯಲ್ಲಿ ಬಟ್ಟಲನ್ನು ಅಂಚಿನವರೆಗೆ ತುಂಬಿಸಿಯೇ ಕೊಡುವುದು. ಅಮ್ಮ ಹೇಳುತ್ತಿದ್ದಳು, "ಅರ್ಧ ಬಟ್ಟಲು ಹಾಕಿದ್ರೆ ಬಂದೋರ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಕಣೇ" ಅಂತ. ಬಂದರೆ ವಾರವಲ್ಲ, ತಿಂಗಳು ಇರಿ. ನೀವು ಬಂದರೆ ನನಗೆ ಎಷ್ಟು ಸಂತೋಷ ಎಂದು ಇಲ್ಲಿ ಬರೆಯುವುದಿಲ್ಲ, ನಾಚಿಕೆಯಾಗುತ್ತದೆ.

ಬೆಕ್ಕಿಗೂ ಒಂದು ಬೋರ್ಡು ಬೇಕು. ಇದು ತಮಾಷೆಯಲ್ಲ.

ಫ್ರೆಸಿಯಾ


ಚೊಂಚಿ
೮ ಅಕ್ಟೋಬರ್ ೨೦೦೪

ಫ್ರೆಸಿಯಾ ಅವರಿಗೆ,

ಬೆಕ್ಕಿನ ಬೋರ್ಡು ಕಳಿಸಿದ್ದೇನೆ. ‘ಇಲ್ಲಿ ಬೆಕ್ಕು ಮಲಗಿದೆ, ಅತಿಥಿಗಳು ಕಾಯಬೇಕು’ ಎಂದು ಕೊರೆದಿದ್ದೇನೆ. ಎಲೆ ಬಹಳ ಆಗಿದೆ. ಬಳ್ಳಿಯೆಂದೇ ತಿಳಿಯಿರಿ.

ನಿಮ್ಮ ಕರೆಯ ಕಾಗದವನ್ನು ಶೆಡ್ಡಿನ ಗೋಡೆಗೆ ಸಿಕ್ಕಿಸಿದ್ದೇನೆ. ದಿನಾ ಓದುತ್ತೇನೆ. ಬರಬೇಕೆಂದು ಆಸೆಯೇನೋ ಇದೆ. ಒಂದು ಕೇಳಲೇ? ನಿಮ್ಮ ಊಟದ ಮೇಜಿಗೆ ಸಾಮಾನ್ಯವಾಗಿ ಎಷ್ಟು ಜನ ಕೂರುತ್ತಾರೆ? ನಾನು ಒಂಟಿಯಾಗಿ ಉಂಡು ಅಭ್ಯಾಸವಾದವನು. ಅಕ್ಕನ ಮನೆಯಲ್ಲೂ ಈಗ ಉಣ್ಣುವುದಿಲ್ಲ.

ನೊಲ್ಬೆರ್ತೊ


ಕಾಲೆತಾ ಲಿಲೆ
೪ ನವೆಂಬರ್ ೨೦೦೪

ನೊಲ್ಬೆರ್ತೊ,

‘ಅವರಿಗೆ’ ಗಿವರಿಗೆ ಎಲ್ಲ ಇನ್ನು ಸಾಕು.

ಬೆಕ್ಕಿನ ಬೋರ್ಡು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಕ್ಷರಗಳಿಗಿಂತ ಎಲೆಯೇ ಹೆಚ್ಚು! ಅಂಚಿನಿಂದ ಅಂಚಿಗೆ ಹಬ್ಬಿದೆ. ಇಷ್ಟು ಎಲೆ ಬಿಡಿಸಲು ಎಷ್ಟು ಸಂಜೆ ಕುಳಿತಿರೋ ಎಂದು ಯೋಚಿಸಿದೆ. ಒಬ್ಬರು ಇನ್ನೊಬ್ಬರಿಗಾಗಿ ಅಷ್ಟು ಹೊತ್ತು ಕೂರುವುದು ಸಣ್ಣ ಮಾತಲ್ಲ. ನೀವು ಬಾಯಿಬಿಟ್ಟು ಹೇಳದಿದ್ದರೂ ನನಗೆ ಅರ್ಥವಾಗುತ್ತದೆ.

ಮೇಜಿಗೆ ಎಷ್ಟು ಜನ ಎಂದು ಕೇಳಿದಿರಿ. ಬೇಸರವಾದೀತೆಂಬ ಭಯ ನಿಮಗೆ ಬೇಡ. ಬೇಸಿಗೆಯಲ್ಲಿ ನನ್ನ ಮೇಜಿನ ಸುತ್ತ ಒಂದು ಕುರ್ಚಿಯೂ ಖಾಲಿ ಇರುವುದಿಲ್ಲ! ಸಾಲ್ಮನ್ ಮೀನು ಸಾಕುವ ಕಂಪನಿಯವರು, ಜರ್ಮನಿಯ ಪ್ರವಾಸಿಗಳು, ಸಾಂತಿಯಾಗೊದ ಮೇಡಮ್ಮುಗಳು, ಮದುವೆಮನೆಯ ಗಲಾಟೆ. ಎಲ್ಲರೂ ಬೋರ್ಡು ಕೊರೆದ ಮಹಾಶಯನನ್ನು ನೋಡಬೇಕಂತೆ. "ಆ ಎಲೆ ಬಿಡಿಸೋರು ಬಂದಾಗ ಹೇಳಿ, ನಾವು ಮತ್ತೆ ಬರ್ತೀವಿ" ಎನ್ನುತ್ತಾರೆ. ನಿಮ್ಮ ರೂಟರ್ ತನ್ನಿ. ಊಟವಾದ ಮೇಲೆ ಎಲ್ಲರೆದುರು ಒಂದು ಬೋರ್ಡು ಕೊರೆದು ತೋರಿಸಿ, ಅವರು ಬಾಯಿ ಬಿಟ್ಟುಕೊಂಡು ನೋಡಲಿ.

ಕಿಟಕಿಯ ಪಕ್ಕದ ಕುರ್ಚಿ ನಿಮ್ಮದು. ಜನವರಿಯಿಂದ ಪ್ರತಿ ಗುರುವಾರ ಬಟ್ಟೆ ಏರಿಸಿರುತ್ತೇನೆ.

ಫ್ರೆಸಿಯಾ


ಚೊಂಚಿ
೧೦ ಡಿಸೆಂಬರ್ ೨೦೦೪

ಫ್ರೆಸಿಯಾ,

ಬರಲಾಗುವುದಿಲ್ಲ. ಕೆಲಸ ಬಹಳ ಇದೆ. ನಿಮ್ಮ ಅತಿಥಿಗಳಿಗೆ ನನ್ನ ನಮಸ್ಕಾರ ತಿಳಿಸಿ.

ಕ್ಷಮಿಸಿ.

ನೊಲ್ಬೆರ್ತೊ


ಕಾಲೆತಾ ಲಿಲೆ
೧೭ ಫೆಬ್ರವರಿ ೨೦೦೫

ನೊಲ್ಬೆರ್ತೊ,

ನಿಮ್ಮ ಚೀಟಿ ಸಿಕ್ಕಿತು. ಕಾಗದ ಎನ್ನಲಾರೆ, ಚೀಟಿ. ಆದರೂ ಜನವರಿಯಲ್ಲಿ ಬಟ್ಟೆ ಏರಿಸಿದೆ. ಕೆಲಸ ಬೇಗ ಮುಗಿದು ಬಂದುಬಿಟ್ಟರೆ ಎಂಬ ಹುಚ್ಚು. ಬೆಲಾರ್ಮಿನೊ ಪ್ರತಿ ಸಲವೂ ಹಡಗಿನಿಂದ ಇಳಿಯುವ ಹಲಗೆಯ ಮೇಲೆ ನಿಂತು, "ಯಾರೂ ಇಳೀತಿಲ್ಲ ತಾಯಿ" ಎಂದು ದೂರದಿಂದಲೇ ಕೈಯಾಡಿಸುತ್ತಿದ್ದ. ಆಮೇಲೆ ಹೇಳುವುದನ್ನೂ ಬಿಟ್ಟ. ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದ.

ನನಗೆ ಕೋಪ ಬಂತು, ಸುಳ್ಳೇಕೆ ಹೇಳಲಿ. ಎರಡು ದಿನದ ಸಾರನ್ನು ಬೆಕ್ಕಿಗೆ ಹಾಕಿದೆ. ಆಮೇಲೆ ಅತ್ತೆ, ಅದನ್ನೂ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ, ಮುಖ ನೋಡದ ಮನುಷ್ಯನಿಗಾಗಿ. ಆದರೂ ಎಲೆಗಳನ್ನು ನೋಡಿದಾಗ, ಇಷ್ಟು ಕೊಟ್ಟವನು ಸುಮ್ಮಸುಮ್ಮನೆ ಹೀಗೆ ಮಾಡಲಾರ ಎನಿಸುತ್ತದೆ.

ನಾನು ಈ ಮನೆ ಮುಚ್ಚಬೇಕೆಂದಿದ್ದೇನೆ. ಕೊಯಾಯ್ಕೆಯಲ್ಲಿ ಸೋದರತ್ತೆಯ ಮಗಳಿದ್ದಾಳೆ. "ಬಂದು ನಮ್ಮ ಜೊತೆಗೇ ಇರೇ, ಒಬ್ಬಳೇ ಗೂಬೆ ಥರ ಯಾಕಿದ್ದೀಯಾ" ಎಂದು ಬಹಳ ದಿನದಿಂದ ಕರೆಯುತ್ತಿದ್ದಾಳೆ. ಇನ್ನೂ ತೀರ್ಮಾನಿಸಿಲ್ಲ. ಯಾವುದಕ್ಕೂ ಒಂದು ಬೋರ್ಡು ಬೇಕು, ಕೊನೆಯದು. ‘ಮುಚ್ಚಿದೆ’ ಎಂದು ಕೊರೆಯಿರಿ. ಎಲೆ ಇರಲಿ, ಒಂದಾದರೂ ಸಾಕು. ಅದರಲ್ಲಿ ನಿಮ್ಮ ಎಲೆ ಕಂಡರೆ ನಾನು ಬೋರ್ಡನ್ನು ತೂಗುಹಾಕದೆ ಇದ್ದರೂ ಇದ್ದೇನು.

ಫ್ರೆಸಿಯಾ


ಕಾಲೆತಾ ಲಿಲೆ
೨೧ ಏಪ್ರಿಲ್ ೨೦೦೫

ಮಾನ್ಯ ಡಾನ್ ನೊಲ್ಬೆರ್ತೊ ರೆಮೊಲ್ಕೊಯ್ ಅವರಿಗೆ,

ಬೋರ್ಡು ತಲುಪಿತು. ಜೊತೆಗೆ ಕಾಗದ ಇರಲಿಲ್ಲ. ಕಂಬಳಿಯ ಮಡಿಕೆಗಳನ್ನೆಲ್ಲ ಬಿಡಿಸಿ ನೋಡಿದೆ, ಇರಲಿಲ್ಲ.

ಕೆಲಸ ಬಹಳ ಚೆನ್ನಾಗಿದೆ. ಅಕ್ಷರಗಳ ಅಂಚು ಚಾಕುವಿನಲ್ಲಿ ಕೊಯ್ದ ಹಾಗಿದೆ, ಎಲ್ಲವೂ ಒಂದೇ ಆಳ, ಒಂದೇ ಅಗಲ. ಒಂದು ಕಡೆಯೂ ಎಲೆ ಇಲ್ಲ. ಹಿಂದೆ ತಿರುಗಿಸಿಯೂ ನೋಡಿದೆ. ನೀವು ಎಲೆ ಬಿಡಿಸಿದರೆ ನಾನು ಉಳಿಯುತ್ತೇನೆಂದು ಅಷ್ಟು ಸ್ಪಷ್ಟವಾಗಿ ಬರೆದಿದ್ದೆ, ನೀವು ಅಷ್ಟೇ ಸ್ಪಷ್ಟವಾಗಿ ಉತ್ತರ ಕೊಟ್ಟಿದ್ದೀರಿ. ಅರ್ಥವಾಯಿತು.

ನಾನು ಮೇ ತಿಂಗಳ ಎರಡನೇ ಗುರುವಾರದ ಹಡಗಿಗೆ ಹೋಗುತ್ತೇನೆ. ಬೋರ್ಡನ್ನು ಅಂದೇ ಬಾಗಿಲಿಗೆ ಹಾಕುತ್ತೇನೆ. ಹಳೆಯ ಬೋರ್ಡುಗಳನ್ನು ಕಳಚುವುದಿಲ್ಲ, ಅವು ಇಲ್ಲೇ ಇರಲಿ. ನಿಮಗೆ ತೊಂದರೆ ಕೊಟ್ಟಿದ್ದರೆ ಮನ್ನಿಸಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಫ್ರೆಸಿಯಾ ಚಿಗುವಾಯ್


ಚೊಂಚಿ
೬ ಮೇ ೨೦೦೫

ಡೋನ್ಯಾ ಫ್ರೆಸಿಯಾ,

ನಾನು ಔದೊಲಿಯಾ, ನೊಲ್ಬೆರ್ತೊನ ಅಕ್ಕ, ಕಂಬಳಿಯ ಯಜಮಾನತಿ. ಕಾಗದ ಬರೆದು ಅಭ್ಯಾಸವಿಲ್ಲ, ಮಾತಾಡಿದ ಹಾಗೇ ಬರೀತೀನಿ, ಹೊಂದಿಸಿಕೊಳ್ಳಿ. ನಾನು ಬರೆಯೋದು ನನ್ನ ತಮ್ಮನಿಗೆ ಗೊತ್ತಿಲ್ಲ. ಗೊತ್ತಾದರೆ ಬೈತಾನೆ. ಬೈಯಲಿ, ಅವನ ಮೂಗು ಒರೆಸಿ ದೊಡ್ಡವನ ಮಾಡಿದವಳು ನಾನು.

ನಿಮ್ಮ ಕಾಗದ ಬಂದ ದಿನದಿಂದ ಅವನು ಶೆಡ್ಡಿನ ಬಾಗಿಲು ತೆಗೆದಿಲ್ಲ. ಮೊನ್ನೆ ಅವನು ಮಲಗಿದ್ದಾಗ ಗೋಡೆಗೆ ಸಿಕ್ಕಿಸಿದ್ದನ್ನೆಲ್ಲ ಓದಿದೆ. ಬೇರೆಯವರ ಕಾಗದ ಓದೋದು ಪಾಪ. ಪಾದ್ರಿಗಳ ಹತ್ತಿರ ಹೇಳಿಕೊಂಡಿದ್ದೀನಿ, ಅದು ನಿಮಗೆ ಬೇಡ. ಓದಿದ ಮೇಲೆ ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡಿಸೋಣ ಅನ್ನಿಸಿತು.

ಅಮ್ಮಾ, ಆ ಎಲೆ ಉಡುಗೊರೆ ಅಲ್ಲ. ಅದು ತಪ್ಪು. ಚೊಂಚಿಯ ಬಡಗಿಗಳಲ್ಲಿ ಇದು ಅಜ್ಜನ ಕಾಲದ ವಾಡಿಕೆ. ಸಿಪ್ರೆಸ್ ಹಲಗೆಯನ್ನು ಎಸೆಯೋ ಹಾಗಿಲ್ಲ, ಅಷ್ಟು ದುರ್ಲಭ. ಅದಕ್ಕೆ ಕೈ ಜಾರಿ ಹಲಗೆಗೆ ಗಾಯವಾದ ಕಡೆ ಒಂದು ಎಲೆ ಬಿಡಿಸಿ, ಹಸಿರು ಬಳಿದು ಮುಚ್ಚಿಬಿಡ್ತಾರೆ. ಬೋರ್ಡಿನಲ್ಲಿ ಎಲೆ ಕಂಡರೆ ಬೇರೆ ಬಡಗಿಗಳು, "ಏನಪ್ಪಾ, ನಿನ್ನ ಶೆಡ್ಡಿಗೆ ವಸಂತ ಬಂತಾ?" ಅಂತ ಆಡಿಕೊಳ್ತಾರೆ. ನನ್ನ ತಮ್ಮನ ಬೋರ್ಡಿನಲ್ಲಿ ಒಂದು ಎಲೆಯನ್ನೂ ಯಾರೂ ಕಂಡಿರಲಿಲ್ಲ. ಬೇಕರಿಯದನ್ನು ನೀವೇ ನೋಡಿದ್ದೀರಲ್ಲ.

ಅವನಿಗೆ ಕೈ ನಡುಗುವ ಕಾಯಿಲೆ. ಕಾಸ್ತ್ರೊದ ಡಾಕ್ಟರು ಹೇಳಿದ್ದು ನಿಮ್ಮ ಮೊದಲ ಬೋರ್ಡು ಕೊರೆಯೋ ಹೊತ್ತಿಗೆ. ಆಮೇಲಾಮೇಲೆ ಜಾಸ್ತಿಯಾಯ್ತು. ರೂಟರ್ ಹಿಡಿದರೆ ಯಂತ್ರ ಇವನನ್ನೇ ಎಳೆದುಕೊಂಡು ಹೋಗುತ್ತೆ. ಬೆಕ್ಕಿನ ಬೋರ್ಡಿನ ಒಂದೊಂದು ಎಲೆಯೂ ಒಂದೊಂದು ಗಾಯ. ನೀವು "ಇನ್ನೂ ಎಲೆ ಕೊಡಿ" ಅಂತ ಬರೀತಿದ್ರಿ, ಇವನು ಆ ಕಾಗದ ಗೋಡೆಗೆ ಸಿಕ್ಕಿಸಿ ಮತ್ತೊಂದು ಹಲಗೆ ಎತ್ತಿಕೊಳ್ತಿದ್ದ. ಬಿಡಿಬಿಡಿಯಾಗಿ ಬರೆಯೋದೂ ಅದಕ್ಕೇ. ಕೂಡಿಸಿ ಬರೆದರೆ ಗೆರೆ ಹಾವಿನ ಹಾಗೆ ಓಡುತ್ತೆ. ನನ್ನ ಮನೆಯಲ್ಲಿ ಉಣ್ಣೋದನ್ನೂ ಬಿಟ್ಟ. ನನ್ನ ಸೊಸೆ ಮುಂದೆ ಸಾರು ಚೆಲ್ಲಿಕೊಂಡನಂತೆ, ಅದೊಂದು ಅವಮಾನ. ಅಂಥವನಿಗೆ ನೀವು ಜರ್ಮನಿಯವರು, ಸಾಂತಿಯಾಗೊದವರು, ಅಂಚಿನವರೆಗೆ ತುಂಬಿಸಿದ ಬಟ್ಟಲು ಅಂತೆಲ್ಲ ಬರೆದರೆ ಎಲ್ಲಿ ಬರ್ತಾನೆ? ಜೊತೆಗೆ ಎಲ್ಲರೆದುರು ರೂಟರ್ ಹಿಡಿದು ತೋರಿಸಬೇಕಂತೆ!

‘ಮುಚ್ಚಿದೆ’ ಬೋರ್ಡು ಅವನು ಕೊರೆದದ್ದಲ್ಲ. ಮೂರು ಹಲಗೆ ಹಾಳು ಮಾಡಿ, ಎಲೆ ಬಿಡಿಸೋದಕ್ಕೂ ಆಗದೆ, ಕೊನೆಗೆ ಪುಯೆರ್ತೊ ಮಾಂತಿಗೆ ಹೋಗಿ ಆ ಕಂಪ್ಯೂಟರ್ ಯಂತ್ರದವರ ಹತ್ತಿರ ಮಾಡಿಸಿಕೊಂಡು ಬಂದ. ಹೌದು, ಅವನು ಯಾವಾಗಲೂ ಆಡಿಕೊಳ್ತಿದ್ದ ಆ ಕಾಫಿ ಕುಡಿಯುವವರ ಹತ್ತಿರವೇ. "ಅವಳಿಗೆ ಕೊನೆಯದಾದ್ರೂ ತಪ್ಪಿಲ್ಲದ್ದು ಹೋಗಲಿ ಕಣಕ್ಕಾ" ಅಂದ. ಕತ್ತೆ. ಎಲೆ ಇಲ್ಲದ್ದೇ ಒಳ್ಳೆಯದು ಅಂತ ಅವನಿಗೆ, ಎಲೆ ಇಲ್ಲ ಅಂತ ನಿಮಗೆ ದುಃಖ. ಇದಕ್ಕೆ ನಾನು ನಗಬೇಕೋ ಅಳಬೇಕೋ ಹೇಳಿ.

ಹೋಗಬೇಡಿ ಅಂತ ಹೇಳೋಕೆ ನಾನ್ಯಾರು.

ಔದೊಲಿಯಾ ರೆಮೊಲ್ಕೊಯ್

ಕಂಬಳಿ ನೀವೇ ಇಟ್ಟುಕೊಳ್ಳಿ.


ಕಾಲೆತಾ ಲಿಲೆ, ಹಡಗುಕಟ್ಟೆ
೧೨ ಮೇ ೨೦೦೫

ನೊಲ್ಬೆರ್ತೊ,

ಪೆಟ್ಟಿಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಹೋಗಲೆಂದೇ ಬಟ್ಟೆ ಏರಿಸಿದ್ದೆ, ಹಡಗು ಬಂದು ನಿಂತಿದೆ. ಬೆಲಾರ್ಮಿನೊ ನಿಮ್ಮ ಅಕ್ಕನ ಕಾಗದ ಕೊಟ್ಟ. ಈಗ ನೆತ್ತಿಯ ಮೇಲೆ ನಿಂತು, "ಹತ್ತೀಯೋ ಇಲ್ವೋ, ಒಂದು ಹೇಳಮ್ಮಾ! ಕ್ಯಾಪ್ಟನ್ ನನ್ನ ಚರ್ಮ ಸುಲೀತಾನೆ" ಎಂದು ಕೂಗುತ್ತಿದ್ದಾನೆ. ಕೂಗಲಿ. ಅಕ್ಕನನ್ನು ಬೈಯಬೇಡಿ, ನನ್ನಾಣೆ.

ನಾನೂ ಒಂದು ಹೇಳಬೇಕು. ನನ್ನ ಮನೆಯಲ್ಲಿ ಅತಿಥಿಗಳಿಲ್ಲ. ಉತ್ತರಕ್ಕೆ ಹೊಸ ರಸ್ತೆಯಾಗಿ, ಅಲ್ಲೇ ಹೊಸ ಕಟ್ಟೆಯಾದ ಮೇಲೆ ಇಲ್ಲಿ ಯಾರೂ ಇಳಿಯುವುದಿಲ್ಲ. ಆಮೇಲೆಯೇ ನಿಮಗೆ ಮೊದಲ ಕಾಗದ ಬರೆದದ್ದು. ಒಳ್ಳೆಯ ಬೋರ್ಡು ಹಾಕಿದರೆ ಯಾರಾದರೂ ಬಂದಾರೆಂದು ಬರೆದೆ. ಯಾರೂ ಬರಲಿಲ್ಲ. ನಿಮ್ಮ ಕಾಗದ ಬಂತು. ಅದು ನಿಲ್ಲದಿರಲೆಂದು ಕೋಣೆಗಳಿಗೆ ಬೋರ್ಡು ಕೇಳಿದೆ, ಬೆಕ್ಕಿಗೂ ಕೇಳಿದೆ. ನಾನು ಬಟ್ಟೆ ಏರಿಸುತ್ತಿದ್ದದ್ದು ಜನರಿಗಾಗಿ ಅಲ್ಲ, ಕಾಗದಕ್ಕಾಗಿ. ಬೆಲಾರ್ಮಿನೊನನ್ನು ಕೇಳಿ ನೋಡಿ.

ಜರ್ಮನಿಯವರಿಲ್ಲ, ಸಾಂತಿಯಾಗೊದ ಮೇಡಮ್ಮುಗಳಿಲ್ಲ. ಎಷ್ಟು ಜನ ಕೂರುತ್ತಾರೆಂದು ನೀವು ಕೇಳಿದಾಗ, ಖಾಲಿ ಮನೆಗೆ ಯಾರು ಬರುತ್ತಾರೆಂದು ನಾನು ಮನೆ ತುಂಬಿಸಿ ಬರೆದೆ. ನಿಜ ಹೇಳಿದ್ದರೆ ನೀವು ಬರುತ್ತಿದ್ದಿರಿ. ನನ್ನ ಬಾಯಿಯಿಂದಲೇ ನಿಮ್ಮನ್ನು ತಡೆದೆ. ನನ್ನ ಮೇಜಿನ ಮೇಲೆ ಇರುವುದು ಒಂದೇ ಬಟ್ಟಲು.

ಆ ಎಲೆಗಳು ಏನೇ ಆಗಿರಲಿ, ನನ್ನ ಪಾಲಿಗೆ ಅವು ಎಲೆಗಳೇ. ಇವತ್ತು ನಾನು ಹತ್ತುತ್ತಿಲ್ಲ. ‘ಮುಚ್ಚಿದೆ’ ಬೋರ್ಡನ್ನು ಬಾಗಿಲಿಂದ ತೆಗೆಯುತ್ತೇನೆ, ಒಲೆಗೆ ಹಾಕಿದರೆ ಚೆನ್ನಾಗಿ ಉರಿದೀತು.

ಬನ್ನಿ. ಸಾರು ಚೆಲ್ಲಿದರೆ ನೋಡುವವರು ನಾನೊಬ್ಬಳು, ಮತ್ತೆ ಬೆಕ್ಕು.

ಫ್ರೆಸಿಯಾ


ಚೊಂಚಿ
೨೦ ಮೇ ೨೦೦೫

ಫ್ರೆಸಿಯಾ,

ಈ ಸಲ ಬಿಡಿಬಿಡಿಯಾಗಿ ಬರೆಯುತ್ತಿಲ್ಲ. ಕೈ ಹೋದ ಹಾಗೆ ಹೋಗಲಿ ಎಂದು ಬಿಟ್ಟಿದ್ದೇನೆ. ಓದಲು ಬರದಿದ್ದರೆ ಬೆಲಾರ್ಮಿನೊನಿಗೆ ಕೊಡಿ. ಅವನು ಹೇಗೂ ದಾರಿಯಲ್ಲೇ ಓದಿರುತ್ತಾನೆ.

ಆ ಬೋರ್ಡನ್ನು ಸುಡಬೇಡಿ. ಮರ ಒಳ್ಳೆಯದು. ಹಿಂಬದಿ ಖಾಲಿ ಇದೆ.

ಈ ಕಾಗದ ನಿಮಗೆ ಮುಂದಿನ ಗುರುವಾರ ಸಿಗುತ್ತದೆ. ಅದರ ಮುಂದಿನ ಗುರುವಾರ ಬಟ್ಟೆ ಏರಿಸಿ. ರೂಟರ್ ತರುವುದಿಲ್ಲ. ಔದೊಲಿಯಾ ಮಿಲ್ಕಾವೊ ರೊಟ್ಟಿ ಕಟ್ಟಿಕೊಡುತ್ತಾಳಂತೆ, ಬೇಡವೆಂದರೂ ಕೇಳುವುದಿಲ್ಲ. ನನಗೆ ಭಯವಾಗುತ್ತಿದೆ, ಆದರೂ ಬರುತ್ತೇನೆ.

ನಿಮ್ಮ ಅಮ್ಮ ಹೇಳಿದ ಮಾತು ಗೊತ್ತು. ಆದರೂ ನನಗೆ ಅರ್ಧ ಬಟ್ಟಲು ಹಾಕಿ.

ನೊಲ್ಬೆರ್ತೊ